ಪ್ಲಸ್ ನೂರಾ ಮೂವತ್ತು

"ನಮ್ಮ ಪಿಟ್ಸ್‌ಬರ್ಗ್ ಪಕ್ಕ ಪ್ಲಸ್ ನೂರಾ ಮೂವತ್ತು ಅಂತ ಬರ್ದಿದೆ. ಏನರ್ಥ ಹೇಳಿ ನೋಡೋಣ?"

ಕ್ಲೈಡ್ ಪೆಟ್ರಾಕ್ ಪತ್ರಿಕೆಯ ಬೇಸ್‌ಬಾಲ್ ಪುಟವನ್ನು ಬಲಗೈಯಲ್ಲೇ ಮಡಚಿ ಪಕ್ಕದ ಕುರ್ಚಿಯತ್ತ ಚಾಚಿದ. ಅವನ ಎಡಗೈಗೆ ಡಯಾಲಿಸಿಸ್ ಯಂತ್ರದ ನಳಿಗೆಗಳಿದ್ದವು. ಅವನು ಕೂತಿದ್ದ ಕಿಟಕಿ ಪಕ್ಕದ ಕುರ್ಚಿ ಹನ್ನೊಂದು ವರ್ಷದಿಂದ ಅವನದೇ.

ಬರ್ನಡೆಟ್ ಹ್ಲಾವಾಚ್ ಪತ್ರಿಕೆ ಮುಟ್ಟಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಿಂತೇ ದುಡಿದವಳಿಗೆ ವಾರಕ್ಕೆ ಮೂರು ಸಲ, ಮಂಗಳವಾರ ಗುರುವಾರ ಶನಿವಾರ, ನಾಲ್ಕು ನಾಲ್ಕು ಗಂಟೆ ಹೀಗೆ ಕಟ್ಟಿಹಾಕಿಸಿಕೊಂಡು ಕೂರುವುದು ಐದೇ ವಾರಕ್ಕೆ ಸಾಕಾಗಿತ್ತು. ಇನ್ನು ಬರುವುದಿಲ್ಲವೆಂದು ನರ್ಸ್ ತಮೀಕಾಗೆ ಇವತ್ತು ಹೇಳಿಬಿಡಬೇಕೆಂದು ಬಸ್ಸಿನಲ್ಲೇ ನಿರ್ಧರಿಸಿದ್ದಳು. ಬರದಿದ್ದರೆ ಎಷ್ಟು ದಿನ ಎಂಬುದೂ ಅವಳಿಗೆ ಗೊತ್ತಿತ್ತು.

"ಜೂಜು ನಂಗಾಗಲ್ಲ," ಎಂದಳು.

"ಚರ್ಚಲ್ಲಿ ದುಡ್ಡು ಕಟ್ಟಿ ಬಿಂಗೋ ಆಡ್ತೀರಲ್ಲ ತಾಯಿ, ಅದೇನು ಪ್ರಾರ್ಥನೆನಾ?"

ಬರ್ನಡೆಟ್‌ಗೆ ನಗು ಬಂತು. ಕ್ಲೈಡ್‌ಗೆ ಅಷ್ಟೇ ಸಾಕಾಯಿತು.

"ಪ್ಲಸ್ ಅಂದ್ರೆ ಸೋಲುತ್ತೆ ಅಂತ ಜನ ಅಂದ್ಕೊಂಡಿರೋ ತಂಡ. ನೂರು ಕಟ್ಟಿ ಗೆದ್ರೆ ನೂರಾ ಮೂವತ್ತು ಲಾಭ. ಚಿಕಾಗೊ ಮೈನಸ್ ನೂರೈವತ್ತು. ಅಲ್ಲಿ ನೂರು ಗೆಲ್ಬೇಕಾದ್ರೆ ನೂರೈವತ್ತು ಕಟ್ಬೇಕು. ನಮ್ದು ಬಿಡಿ, ಕಾಲು ಡಾಲರ್ ಪಂದ್ಯ."

"ಕಟ್ಟೋ ಮುಂಚೆ ನೋಡೋದೇನನ್ನ?"

"ಮೊದ್ಲು ಚೆಂಡು ಎಸೆಯೋನ್ನ ನೋಡಿ. ಆಮೇಲೆ ಗಾಳಿ ಯಾವ ಕಡೆ ಅಂತ. ಮುಖ್ಯವಾಗಿ, ಪ್ರೀತಿಗೋಸ್ಕರ ನಮ್ಮೂರಿನ ತಂಡಕ್ಕೆ ಕಟ್ಬೇಡಿ."

"ಹಾಗಾದ್ರೆ ಪಿಟ್ಸ್‌ಬರ್ಗಿಗೇ ನನ್ನ ಕಾಲು ಡಾಲರ್."

"ಗೋಡೆಗೆ ಪಾಠ ಹೇಳ್ದಂಗಾಯ್ತು!"

ಗೋಡೆಯ ಟಿವಿಯಲ್ಲಿ ಆಟ ಶುರುವಾಯಿತು. ಜೂನ್ ತಿಂಗಳ ಮಧ್ಯಾಹ್ನದ ಬಿಸಿಲು ಆಸ್ಪತ್ರೆಯ ನೆಲದ ಮೇಲೂ ಮೈದಾನದ ಮೇಲೂ ಒಂದೇ ಬಣ್ಣದಲ್ಲಿ ಬಿದ್ದಿತ್ತು. ಯಂತ್ರ ಸುಯ್ಯೆನ್ನುತ್ತಿತ್ತು. ಎಸೆಯುವವನು ಟೋಪಿ ಸರಿಮಾಡಿಕೊಂಡು, ಯಾರದೋ ಸನ್ನೆಗೆ ತಲೆಯಾಡಿಸಿ, ಮತ್ತೆ ಸುಮ್ಮನೆ ನಿಲ್ಲುತ್ತಿದ್ದ. ಇಲ್ಲಿ ಯಾರಿಗೂ ಅವಸರವಿಲ್ಲ ಎಂದುಕೊಳ್ಳುತ್ತಲೇ ಅವಳ ಕಣ್ಣು ಮುಚ್ಚಿತು. ಕತ್ತರಿಸಿದ ಹುಲ್ಲಿನ ವಾಸನೆ ಬಂತು. ತನ್ನ ರಕ್ತ ತನ್ನಿಂದ ಹೊರಟು, ಆ ಹಸಿರನ್ನೆಲ್ಲ ಒಂದು ಸುತ್ತು ಹಾಕಿ, ತಂಪಾಗಿ ತೋಳಿನೊಳಗೆ ಮರಳುತ್ತಿದೆ ಅನ್ನಿಸಿತು. ಯಾರೋ ಕೂಗಿದರು. ಜನ ಎದ್ದರು, ಕೂತರು. ಅವಳೂ ಅವರ ನಡುವೆ ಎಲ್ಲೋ ಇದ್ದಳು.

ಕಣ್ಣು ಬಿಟ್ಟಾಗ ತಮೀಕಾ ಪಕ್ಕದಲ್ಲಿ ನಿಂತಿದ್ದಳು. "ನಿಮ್ದು ಮುಗೀತು. ಸೂಜಿ ತೆಗೀಲಾ?"

ಬರ್ನಡೆಟ್ ಟಿವಿ ನೋಡಿದಳು. ಕೊನೆಯ ಸರದಿ. ಪಿಟ್ಸ್‌ಬರ್ಗ್ ಒಂದೇ ಓಟ ಹಿಂದಿತ್ತು. ಇಬ್ಬರು ಔಟಾಗಿದ್ದರು; ಮೂರನೆಯವನೂ ಔಟಾದರೆ ಆಟ ಮುಗಿದಂತೆ.

"ಒಂಚೂರು ತಡಿಯಮ್ಮ, ಇವನೊಬ್ಬನ್ದು ಆಗ್ಲಿ."

ಚೆಂಡು ಬ್ಯಾಟಿಗೆ ತಾಗಿ ಮೇಲೆದ್ದಿತು. ಆಕಾಶದಲ್ಲಿ ಬಹಳ ಹೊತ್ತು ನಿಂತಂತಿತ್ತು. ತಮೀಕಾಳೂ ಕೈಗವಸು ತೊಟ್ಟ ಕೈಗಳನ್ನು ಹಾಗೇ ಹಿಡಿದುಕೊಂಡು ನೋಡಿದಳು. ಬೇಲಿಯ ಬುಡದಲ್ಲಿ ಚಿಕಾಗೊದ ಹುಡುಗ ಬೆನ್ನು ಒರಗಿಸಿ ಅದನ್ನು ಹಿಡಿದ.

"ಹೇಳಿದ್ನೋ ಇಲ್ವೋ?" ಎಂದ ಕ್ಲೈಡ್.

"ಸುಮ್ನಿರಿ. ಇನ್ನೊಂದು ಗೇಣು ದಾಟಿದ್ರೆ ಬಾಯಿ ಮುಚ್ಕೊಂಡು ಕೂತಿರ್ತಿದ್ರಿ." ಸೂಜಿ ತೆಗೆದು ತಮೀಕಾ ಇಟ್ಟ ಹತ್ತಿಯನ್ನು ಬೆರಳಲ್ಲಿ ಒತ್ತಿಕೊಂಡು ಅವಳು ಅವನ ಪತ್ರಿಕೆಯತ್ತ ಬಗ್ಗಿದಳು. "ಗುರುವಾರ ಯಾರು ಎಸೀತಾರ್ರೀ?"

ಟಿವಿಯಲ್ಲಿ ಜನರೆಲ್ಲ ಎದ್ದುಹೋಗಿದ್ದರು. ಇಬ್ಬರು ಕೆಲಸಗಾರರು ಉದ್ದನೆಯ ಪೈಪು ಎಳೆದುಕೊಂಡು ಬಂದು ಕೆಂಪು ಮಣ್ಣಿಗೆ ನಿಧಾನವಾಗಿ ನೀರು ಹಾಯಿಸತೊಡಗಿದರು.