ಎತ್ತರದ ಸೀಟು, ತಗ್ಗಿನ ಸೀಟು

ಹುಮನಾಬಾದಿನ ಬೇಳೆ ವ್ಯಾಪಾರಿ ಬಸವಣಪ್ಪನ ಮನೆಯಲ್ಲಿ ಗಾಡಿ ಓಡಿಸುವ ಲೈಸೆನ್ಸು ಇದ್ದದ್ದು ಅವನ ಹೆಂಡತಿ ವಿದ್ಯಾವತಿಗೆ ಮಾತ್ರ. ಬಸವಣಪ್ಪ ಕಲಿಯಲು ಹೋದ ಮೊದಲ ದಿನವೇ ಬೇವಿನ ಗಿಡಕ್ಕೆ ಗುದ್ದಿ, ಆಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಆದರೂ ಯಾವ ಗಾಡಿ ಕೊಳ್ಳಬೇಕೆಂಬ ಮಾತು ಬಂದಾಗ ಅವನದೇ ದನಿ ಜೋರು.

"ದೊಡ್ಡದೇ ಬೇಕು. ನಾಲ್ಕೂ ಗಾಲಿ ಎಳಿಯೋದು. ಮದಿವಿಗೆ ಹೋದ್ರ ಮಂದಿ ಎದ್ದು ನಿಂತು ನೋಡಬೇಕು."

"ಮಂದಿ ನೋಡ್ತಾರ್ರಿ, ರಿವರ್ಸ್ ತಗಿಯೋಕಿ ನಾನು. ನಮ್ಮ ಓಣ್ಯಾಗ ಎಮ್ಮಿ ಅಡ್ಡ ನಿಂತ್ರ ಆ ಗಾಡಿ ಎಲ್ಲಿ ತುರಕಲಿ?"

ಅವಳಿಗೆ ಬೇಕಾದದ್ದು ಸಣ್ಣದು. ಸಣ್ಣದೆಂದರೆ ಸಾದಾ ಅಲ್ಲ. ದುಂಡು ಕಣ್ಣಿನ, ಕೆಂಪು ಬಣ್ಣದ ವಿದೇಶಿ ಗಾಡಿ. ಬಸವಕಲ್ಯಾಣದಲ್ಲಿ ಹಳೆ ಗಾಡಿ ಮಾರುವ ಗಜಾಲಾಳ ಹತ್ತಿರ ಎರಡೂ ಬಂದಿವೆ ಎಂದು ಗೊತ್ತಾಗಿ, ಸೋಮವಾರ ಗಂಡ ಹೆಂಡತಿ ಬಸ್ಸು ಹತ್ತಿದರು.

ಅಂಗಳದಲ್ಲಿ ದೊಡ್ಡ ಕರಿ ಗಾಡಿಯ ಪಕ್ಕ ಸಣ್ಣ ಕೆಂಪು ಗಾಡಿ, ತೊಗರಿ ಚೀಲದ ಮಗ್ಗುಲಿಗೆ ಕುಂಕುಮದ ಭರಣಿ ಇಟ್ಟಂತೆ ಕಾಣುತ್ತಿತ್ತು.

"ನಿಂತಲ್ಲೇ ಜಗಳಾಡಬ್ಯಾಡ್ರಿ," ಎಂದಳು ಗಜಾಲಾ. "ಹೈವೇ ಮ್ಯಾಲ ರಾಜೇಶ್ವರ ಊರಿನ ತನಕ ಒಂದೊಂದ್ರಾಗ ಹೋಗಿ ಬರ್ರಿ. ಹಿಂದ ನಾನೂ ಕೂಡ್ತೀನಿ."

ಮೊದಲು ಕೆಂಪು ಗಾಡಿ. ಬಸವಣಪ್ಪ ಗೊಣಗುತ್ತ, ಮೈ ಮಡಚಿಕೊಂಡು ಒಳಗೆ ಇಳಿದ. ಹೈವೇಗೆ ಬಂದ ಮೇಲೆ ವಿದ್ಯಾವತಿ ಸ್ಟೇರಿಂಗ್ ಬಿಗಿಯಾಗಿ ಹಿಡಿದಳು. ಪಕ್ಕದ ಲಾರಿಯ ಗಾಲಿ ನೇರ ಅವಳ ಕಿವಿಯ ಮಟ್ಟಕ್ಕಿತ್ತು. ರಸ್ತೆಯ ಪ್ರತಿ ತಗ್ಗೂ ಬೆನ್ನಿಗೆ ತನ್ನ ಪರಿಚಯ ಹೇಳಿಕೊಂಡಿತು. ಇಷ್ಟು ಆಸೆಪಟ್ಟ ಗಾಡಿ ಹೀಗಾಯಿತಲ್ಲ ಎಂದು ಗಂಡನ ಕಡೆ ನೋಡಿದರೆ, ಅವನು ಸೀಟು ಹಿಂದೆ ಸರಿಸಿ, ಕಾಲು ಚಾಚಿ, ಕಣ್ಣು ಅರ್ಧ ಮುಚ್ಚಿದ್ದ.

"ತೊಟ್ಟಿಲದಾಗ ಮಲಗಿದಂಗ ಆಗಾಕತ್ತದ," ಎಂದ.

ವಾಪಸು ಬಂದಾಗ ಅವನು ಇಳಿಯಲಿಲ್ಲ. ಇಳಿಯಲು ಆಗಲೂ ಇಲ್ಲ. ಹೆಂಗಸರಿಬ್ಬರೂ ಒಂದೊಂದು ಕೈ ಹಿಡಿದು ಎಳೆದು ತೆಗೆದರು.

ಇನ್ನು ಕರಿ ಗಾಡಿ. ಗಜಾಲಾ ಬೆನ್ನಿಗೆ ಕೈ ಕೊಟ್ಟು ನೂಕಿದ ಮೇಲೆ ವಿದ್ಯಾವತಿ ಸೀಟು ಮುಟ್ಟಿದಳು. ಹೈವೇಗೆ ಬಂದು ಹೊರಗೆ ನೋಡಿದಳು. ಜನ್ಮವಿಡೀ ಬಸ್ಸಿನಲ್ಲಿ ಯಾರದೋ ಭುಜದ ಸಂದಿಯಿಂದ ನೋಡಿದ್ದ ದಾರಿ ಇದೇನಾ? ತೊಗರಿ ಹೊಲಗಳಾಚೆ, ಬದುವಿನ ಮೇಲೆ ನಡೆಯುತ್ತಿದ್ದವಳ ಹಳದಿ ಸೀರೆಯೂ ಕಾಣುತ್ತಿತ್ತು. ಹಾರ್ನ್ ಹೊಡೆದದ್ದೇ ತಡ, ಮುಂದಿನ ಲಾರಿ ಪಕ್ಕಕ್ಕೆ ಸರಿಯಿತು.

"ನೋಡ್ರಿ, ದಾರಿ ಬಿಟ್ಟ!"

ಬಸವಣಪ್ಪ ಎರಡೂ ಕೈಯಲ್ಲಿ ಹಿಡಿಕೆ ಹಿಡಿದಿದ್ದ. "ಸಾವಕಾಶ ಹೋಗು! ಮಾಳಗಿ ಮ್ಯಾಲಿಂದ ಕೆಳಗ ನೋಡಿದಂಗ ಆಗ್ತದ, ತಲಿ ತಿರಗಾಕತ್ತದ!"

ಅಂಗಳಕ್ಕೆ ಬಂದು ನಿಂತಾಗ ಇಬ್ಬರೂ ಒಮ್ಮೆಲೇ ಬಾಯಿ ತೆರೆದರು.

"ಸಣ್ಣದೇ ಛಲೋ ಅದ."

"ದೊಡ್ಡದೇ ಇರಲ್ರಿ."

ಜಗಳ ಮೊದಲಿಂದ ಶುರುವಾಯಿತು. ಓಣಿ, ಎಮ್ಮೆ, ರಿವರ್ಸ್ ಎಲ್ಲವನ್ನೂ ಈಗ ಬಸವಣಪ್ಪನೇ ಎತ್ತಿದ. "ಹಾರ್ನ್ ಕೇಳಿದ್ರ ಎಮ್ಮಿ ತಾನೇ ಸರೀತದ್ರಿ," ಎಂದಳು ವಿದ್ಯಾವತಿ. ಗಜಾಲಾ ಸೆರಗಿನಿಂದ ಬಾಯಿ ಮುಚ್ಚಿ ನಕ್ಕು, ಕೊನೆಗೆ ಕೇಳಿದಳು: "ಸಾವಕಾರ್ರ, ಓಡಿಸೋರು ಯಾರ್ರಿ?"

ಬಸವಣಪ್ಪ ಹೆಂಡತಿಯ ಕಡೆ ಬೆರಳು ಮಾಡಿ, ದುಡ್ಡಿನ ಚೀಲ ಬಿಚ್ಚಿದ.

ಕಾಗದಪತ್ರ ಮುಗಿದ ಮೇಲೆ ಕರಿ ಗಾಡಿಯನ್ನು ವಿದ್ಯಾವತಿಯೇ ಹೊರಡಿಸಿದಳು. ಬಸವಣಪ್ಪ ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದವನು ಹುಮನಾಬಾದು ಬಂತೆಂದು ತೆರೆದರೆ, ಗಾಡಿ ಊರು ದಾಟಿ ದುಬಲಗುಂಡಿಯ ರಸ್ತೆ ಹಿಡಿದಿತ್ತು.

"ಏ, ಮನಿ ಹಿಂದ ಹೋತಲ್ಲ!"

"ಗೊತ್ತದ್ರಿ," ಎಂದು ವಿದ್ಯಾವತಿ ಗೇರು ಬದಲಿಸಿದಳು.