ಕುದುರೆಯ ಉಂಡೆಗೆ ಹಾಕಿದ ಉಪ್ಪು

ಮಧ್ಯಾಹ್ನದ ನಮಾಜು ಮುಗಿದ ಹೊತ್ತಿಗೆ ನಮ್ಮ ಧಣಿ ಓವೆಜ್‌ಗೆಲ್ದಿ ತನ್ನ ಕುದುರೆಗೆ ಹುಲ್ಲು ಹಾಕುವುದನ್ನು ನಿಲ್ಲಿಸಿದ. ಹುಲ್ಲು ನಿಂತಿತೆಂದರೆ ತಿಂಗಳೊಳಗೆ ದಾಳಿ. ಇದು ತುರ್ಕಮನ್ ಡೇರೆಗಳಲ್ಲಿ ಗುಲಾಮರಾಗಿದ್ದ ನಮಗೆಲ್ಲ ಗೊತ್ತಿತ್ತು. ನಮ್ಮನ್ನು ಹಿಡಿದು ತಂದದ್ದೂ ಹೀಗೆ ಮೈ ಇಳಿಸಿದ ಕುದುರೆಗಳೇ.

ಕುದುರೆ ನೋಡಿಕೊಳ್ಳುತ್ತಿದ್ದವನು ಯಾದ್‌ಗಾರ್. ನನ್ನ ಹಾಗೆ ಪರ್ಷಿಯಾದ ಖೊರಾಸಾನಿನವನು. ಎರಡು ಸಲ ಓಡಿಹೋಗಿ ಸಿಕ್ಕಿಬಿದ್ದಿದ್ದ. ಎರಡನೆಯ ಸಲ ಅವನ ಹಿಮ್ಮಡಿ ಸೀಳಿ, ಕತ್ತರಿಸಿದ ಕುದುರೆಕೂದಲು ತುಂಬಿ ಹೊಲಿದರು. ಗಾಯ ಮಾಗಿತು, ಕೂದಲು ಒಳಗೇ ಉಳಿಯಿತು. ಅಂದಿನಿಂದ ಅವನು ತುದಿಗಾಲಲ್ಲಿ ನಡೆಯುತ್ತಿದ್ದ.

"ಈ ಸಲ ಯಾವ ಕಡೆ, ಧಣಿ?" ಎಂದು ಕೇಳಿದ.

"ನಿಮ್ಮೂರಿಗೇ ಕಣೋ. ನಿನ್ನ ನೆಂಟರನ್ನೆಲ್ಲ ಕರ್ಕೊಂಡು ಬರ್ತೀನಿ, ಬೇಜಾರು ಕಳೀಲಿ."

ಯಾದ್‌ಗಾರನ ಏಳು ವರ್ಷದ ಮಗಳು ಆ ಊರಿನಲ್ಲಿದ್ದಳು.

ಸಂಜೆ ನಾನು ಹುಲ್ಲಿನ ಬದಲು ಕುದುರೆಗೆ ಕೊಡಲು ಜವೆಗೋಧಿ ಹಿಟ್ಟನ್ನು ಕುರಿಕೊಬ್ಬಿನಲ್ಲಿ ಕಲಸಿ ಉಂಡೆ ಕಟ್ಟುತ್ತಿದ್ದೆ. ಅವನು ಬಂದು ಕೂತ.

"ಸನೋಬರಕ್ಕ, ಒಂದು ಹಿಡಿ ಉಪ್ಪು ಹಾಕು."

"ಕುದುರೆ ಸತ್ತರೆ ನಮ್ಮ ಚರ್ಮ ಸುಲೀತಾರೆ."

"ಸಾಯಲ್ಲ. ಬಾಯಾರತ್ತೆ. ಅಷ್ಟು ಸಾಕು."

ನನಗೆ ಅರ್ಥವಾಯಿತು. ದಾಳಿಗೆ ಮೊದಲು ಕುದುರೆಯನ್ನು ಬೆವರಿಳಿಯುವಷ್ಟು ಓಡಿಸಿ ಮುಂದೆ ನೀರಿಡುತ್ತಾರೆ. ಮೂತಿ ಅದ್ದಿ ಸರಿದರೆ ಕೊಬ್ಬು ಕರಗಿದೆ, ಹೊರಡಬಹುದು. ಹೊಟ್ಟೆ ತುಂಬ ಕುಡಿದರೆ ಇನ್ನೂ ಹದಕ್ಕೆ ಬಂದಿಲ್ಲ. ಈ ಪರೀಕ್ಷೆಯ ಮುಂದೆ ಅವರು ಯಾರ ಮಾತನ್ನೂ ಕೇಳರು.

ಪರೀಕ್ಷೆಯ ದಿನ ಕುದುರೆ ತೊಗಲಿನ ಬಕೆಟ್ಟು ಬರಿದುಮಾಡಿತು.

"ಪಕ್ಕೆಲುಬು ಎಣಿಸಬಹುದಲ್ಲೋ, ಇನ್ನೆಲ್ಲಿ ಕೊಬ್ಬು?" ಎಂದ ಪಕ್ಕದ ಡೇರೆಯವನು.

"ಮನುಷ್ಯ ಸುಳ್ಳು ಹೇಳ್ತಾನೆ, ಕುದುರೆ ಹೇಳಲ್ಲ. ಹತ್ತು ದಿನ ತಡಿ," ಎಂದ ಓವೆಜ್‌ಗೆಲ್ದಿ.

ಬಾವಿಯ ಹತ್ತಿರ ಉಳಿದ ಡೇರೆಗಳ ಗುಲಾಮ ಹೆಂಗಸರಿಗೆ ನಾನು ಉಪ್ಪಿನ ವಿಷಯ ಹೇಳಿದೆ. ಹೀಗೇ ಮಾಡಿ ಎಂದು ಹೇಳಲಿಲ್ಲ. ಹತ್ತು ದಿನದ ಮೇಲೆ ಹದಿನೈದು ಕುದುರೆಗಳಲ್ಲಿ ಹನ್ನೊಂದು ಹೊಟ್ಟೆ ತುಂಬ ಕುಡಿದವು.

ಓವೆಜ್‌ಗೆಲ್ದಿ ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡ. ಉಗಿದ.

"ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಯಾದ್‌ಗಾರ್ ಮುಂದೆ ಬಂದ. "ನಾನು. ಅವಳಿಗೇನೂ ಗೊತ್ತಿಲ್ಲ."

"ಉಳಿದ ಹತ್ತು ಕುದುರೆಗೆ?"

"ನೀವೇ ಹೇಳಿದ್ರಲ್ಲ ಧಣಿ, ಕುದುರೆ ಸುಳ್ಳು ಹೇಳಲ್ಲ ಅಂತ. ಅವನ್ನೇ ಕೇಳಿ."

ಯಾರೋ ಹೆಂಗಸು ನಕ್ಕಳು. ಯಾರೆಂದು ಅವರಿಗೆ ತಿಳಿಯಲಿಲ್ಲ. ಯಾದ್‌ಗಾರನನ್ನು ಕುದುರೆಯ ಬಾಲಕ್ಕೆ ಕಟ್ಟಿ ಉಪ್ಪುನೆಲದವರೆಗೆ ಓಡಿಸಿದರು. ಹಗ್ಗ ಬಿಚ್ಚುವಾಗ ಅವನಲ್ಲಿ ಉಸಿರಿರಲಿಲ್ಲ.

ಕುದುರೆಗಳನ್ನು ಮತ್ತೆ ಹದಕ್ಕೆ ತರಲು ಇಪ್ಪತ್ತು ದಿನ ಬೇಕಿತ್ತು. ಹದಿನೆಂಟನೆಯ ದಿನ ಕಣಿವೆಯಲ್ಲಿ ಹಿಮ ಬಿದ್ದು ದಾರಿ ಮುಚ್ಚಿತು. ಆ ವರ್ಷ ದಾಳಿ ಹೋಗಲಿಲ್ಲ.

ಮರುವರ್ಷ ದಾಳಿ ಹೋಯಿತು. ಆ ಊರಿನ ಹನ್ನೆರಡು ಜನರನ್ನು ಹಿಡಿದು ತಂದರು. ಅವರಲ್ಲಿ ಯಾದ್‌ಗಾರನ ಮಗಳು ಇರಲಿಲ್ಲ. ಆ ಹಿಮ ಬಿದ್ದ ಚಳಿಗಾಲದಲ್ಲೇ ಸೋದರತ್ತೆ ಅವಳನ್ನು ಕರೆದುಕೊಂಡು ಪಟ್ಟಣ ಸೇರಿದ್ದಳಂತೆ.