ಛತ್ತಿನ ಕೆಳಗಿನ ಮೇಘಮಲ್ಹಾರ

ವಿಜಯಶ್ರೀ ಕೊಳಲೆತ್ತಿ ಮೇಘಮಲ್ಹಾರದ ಮೊದಲ ಸ್ವರ ಊದಿದರೆ ಸಾಕು, ಮಳೆ ಸುರಿಯುತ್ತಿತ್ತು. ಅದೂ ಚೈತ್ರದ ಬಿಸಿಲಿನಲ್ಲಿ, ನಿಲಂಗಾದಲ್ಲಿ, ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿಲ್ಲದ ದಿನ, ಮನೆಯ ಛತ್ತಿನ ಕೆಳಗೆ! ಹೊರಗೆ ಗಲ್ಲಿಯಲ್ಲಿ ಒಂದು ಹನಿ ಇಲ್ಲ. ಒಳಗೆ ಪಡಸಾಲೆಯಲ್ಲಿ ಹೊಳೆ. ಬೇಕಾದರೆ ಅಲ್ಲಿದ್ದ ಇಪ್ಪತ್ತೊಂದು ಕೂಸುಗಳನ್ನು ಕೇಳಿರಿ. ಒಬ್ಬಳನ್ನು ಬಿಟ್ಟರೆ ಅವಕ್ಕೆ ಇನ್ನೂ ಮಾತು ಬಂದಿಲ್ಲ ಅನ್ನುವುದೊಂದೇ ತೊಡಕು.

ಮಳೆಗೆ ಆಮೇಲೆ ಬರೋಣ, ಮೊದಲು ಶಾಲೆ. ವಿಜಯಶ್ರೀ ಭಾಲ್ಕಿಯ ಮಗಳು, ನಿಲಂಗಾದ ಸೊಸೆ. ಮಾವ ವೀರಭದ್ರನ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಬಾಗಿಲಿಗೆ ‘ತೊಟ್ಟಿಲ ಗಾನಶಾಲೆ, ಆರು ತಿಂಗಳಿಂದ ಮೂರು ವರ್ಷ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಫಲಕ ತೂಗುಹಾಕಿದ ದಿನ ಇಡೀ ಗಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಹಲ್ಲ ಬರಲಾರದ ಕೂಸಿಗಿ ಹಾಡು-ಗಾಣಂ ಕಲಸ್ತಿ ಏನವಾ?” ಎಂದಳು ಎದುರುಮನೆಯ ರಂಭಾಬಾಯಿ.

“ಹಲ್ಲು ಬೇಕಾಗೋದು ಭಾಕ್ರಿಗಿ, ಕಾಕು. ಸ್ವರಕ್ಕ ಕಿವಿ ಸಾಕು,” ಎಂದಳು ವಿಜಯಶ್ರೀ.

ವಿಜಯಶ್ರೀ ಕಡ್ಡಿಯನ್ನು ಗುಡ್ಡ ಮಾಡುವವಳಲ್ಲ. ಕಡ್ಡಿಯೇ ಇಲ್ಲದ ಕಡೆ ಗುಡ್ಡ ಎಬ್ಬಿಸಿ, ಅದರ ನೆತ್ತಿಯ ಮೇಲೊಂದು ಗುಡಿಯನ್ನೂ ಕಟ್ಟಿ, ಪೂಜೆಗೆ ನಿಮ್ಮಿಂದಲೇ ತೆಂಗಿನಕಾಯಿ ಕೇಳುವವಳು. ಉಮರ್ಗಾದಲ್ಲಿ ತನ್ನ ಕ್ಲಾಸಿಗೆ ನಿಂತ ತಾಯಂದಿರ ಸಾಲು ಲೋಹಾರಾದ ತನಕ ಹೋಗಿ, ಅಲ್ಲಿ ಜಾಗ ಸಾಲದೆ ತಿರುಗಿ ಬಂತೆಂದು ಹೇಳುತ್ತಿದ್ದಳು. ವಲಾಂಡಿಯ ಒಬ್ಬ ಮದುಮಗಳು ಅಕ್ಷತೆ ಬೀಳುತ್ತಿದ್ದಂತೆ ಮಂಟಪದಿಂದಲೇ ಫೋನು ಮಾಡಿ, ಮುಂದೆ ಹುಟ್ಟಲಿರುವ ಕೂಸಿಗೆ ಸೀಟು ಹಿಡಿದಳಂತೆ. ಗುರುಗಳು ಯಾರು? ಉದಗೀರ ಕೋಟೆಯ ಹಿಂದೆ ಇದ್ದ ನೂರಾ ನಾಲ್ಕು ವರ್ಷದ ಉಸ್ತಾದರು. ಆ ಕೊಳಲು? ನಿಜಾಮರ ಪಲ್ಲಕ್ಕಿಯ ಬಿದಿರು.

ಇಷ್ಟೆಲ್ಲ ಬಡಾಯಿಯ ನಡುವೆ ಕ್ಲಾಸು ಮಾತ್ರ ಸೊಗಸಾಗಿಯೇ ನಡೆಯುತ್ತಿತ್ತು. ತಾಯಂದಿರು ದುಂಡಗೆ ಕೂತು ಕೂಸುಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳುವರು. “ಯಾರ್ ಬಂದಾರ, ಯಾರ್ ಬಂದಾರ? ಋಷಿಕೇಶ ಬಂದಾನ!” ಎಂದು ಒಂದೊಂದೇ ಹೆಸರನ್ನು ಹಾಡಿ ಕರೆದು ಚಪ್ಪಾಳೆ. ಸ್ಟೀಲ್ ಬಟ್ಟಲು, ಸೌಟು, ತೊಗರಿಬೇಳೆ ತುಂಬಿದ ಡಬ್ಬಿ, ಪೋಳಾ ಹಬ್ಬಕ್ಕೆ ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಸರ, ಇವೇ ವಾದ್ಯಗಳು. ಆಮೇಲೆ ಬಂಡಿ ಹಾಡು. ಬಂಡಿ ಮೆಲ್ಲಗೆ ಹೋಗುವಾಗ ತೊಡೆ ಮೆಲ್ಲಗೆ ಕುಣಿಯುವುದು, ಎತ್ತು ಓಡಿದರೆ ತೊಡೆಯೂ ಓಡುವುದು, ಕೊನೆಗೆ ಹಾಡು ಥಟ್ಟನೆ ನಿಲ್ಲುವುದು. ಆಗ ಸ್ವಪ್ನಾಲಿಯ ಎಂಟು ತಿಂಗಳ ಮಗ ಋಷಿಕೇಶನ ಸೌಟು ಗಾಳಿಯಲ್ಲಿ ನಿಂತೇಬಿಡುತ್ತಿತ್ತು. ಬಾಯಿ ತೆರೆದು, ಕಣ್ಣು ಅರಳಿಸಿ, ಹೋದ ಹಾಡು ಯಾವ ಕಡೆಯಿಂದ ಬರುತ್ತದೆ ಎಂದು ಕಾಯುತ್ತಿದ್ದ. ಬಂತೆಂದರೆ ಸೌಟು ಬಟ್ಟಲಿಗೆ, ಬಟ್ಟಲು ಪಕ್ಕದ ಕೂಸಿನ ತಲೆಗೆ.

ಪೀಡೆ ಇದ್ದದ್ದು ಒಂದೇ. ಅತ್ತೆ ಶೇವಂತಾಬಾಯಿ, “ಈ ಧಗಿಯಾಗ ಕೂಸಿಗಿ ಪ್ಲಾಸ್ಟಿಕ್ ಚಡ್ಡಿ ಹಾಕಿ ಬೇಯಸ್ತೀರೇನ?” ಎಂದು ಡೈಪರನ್ನು ಹೊಸ್ತಿಲ ಹೊರಗೇ ನಿಲ್ಲಿಸಿದ್ದಳು. ಮೊದಲ ವಾರದಲ್ಲೇ ಜಮಖಾನೆ ಮೂರು ಸಲ ಮಾಳಿಗೆ ಹತ್ತಿ ಒಣಗಿ ಬಂತು. ಅದಕ್ಕೆ ಮದ್ದನ್ನೂ ಅತ್ತೆಯೇ ಹುಡುಕಿದಳು: ಹಾಡಿಗಿಂತ ಮೊದಲು ತಾಯಂದಿರೆಲ್ಲ ಹೊರಗಿನ ಕಟ್ಟೆಯ ಅಂಚಿಗೆ ಸಾಲಾಗಿ ಕೂತು, ಕೂಸನ್ನು ಪಾದಗಳ ಮೇಲೆ ಕೂರಿಸಿಕೊಂಡು, ಎಲ್ಲ ತಾಯಂದಿರೂ ಮಾಡುವಂತೆ ‘ಸೂ’ ಅನ್ನುವುದು. ಆದರೆ ಒಬ್ಬೊಬ್ಬರದು ಒಂದೊಂದು ಶ್ರುತಿ. ವಿಜಯಶ್ರೀಗೆ ಮೈ ಉರಿಯಿತು. “ಬೇಸೂರ್ ಸೂ ನನ್ನ ಶಾಳಾದಾಗ ನಡ್ಯಂಗಿಲ್ಲ!” ಎಂದು ಕೊಳಲೆತ್ತಿ ಎಲ್ಲರಿಗೂ ಸೇರಿ ಒಂದೇ ಉದ್ದದ ಷಡ್ಜ ಊದಿದಳು. ಕೊಳಲು ಸೀಳಿತ್ತು, ಸ್ವರಕ್ಕಿಂತ ಗಾಳಿಯೇ ಹೆಚ್ಚು. ಕೂಸುಗಳಿಗೆ ಅದೇ ಹಿಡಿಸಿತು. ತಿಂಗಳು ಎರಡಾಗುವಷ್ಟರಲ್ಲಿ, ಕೊಳಲು ತುಟಿಗೆ ತಾಗುತ್ತಿದ್ದಂತೆ ಕಟ್ಟೆಯ ಕೆಳಗಿನ ಗಟಾರಕ್ಕೆ ಜೀವ ಬರುತ್ತಿತ್ತು.

ಹಿತ್ತಲಲ್ಲಿ ಎತ್ತುಗಳಿಗೆ ನೀರು ತೋರಿಸುತ್ತ, ಅವು ಕುಡಿಯಲೆಂದು ಉದ್ದಕ್ಕೆ ಶೀಟಿ ಹಾಕುತ್ತಿದ್ದ ವೀರಭದ್ರ ಒಂದು ದಿನ ಹೇಳಿಯೂ ಬಿಟ್ಟ: “ಸೊಸಿ, ವಿದ್ಯಾ ಒಂದೇ ನೋಡು. ನಾ ಊದಿದ್ರ ನೀರು ಒಳಗ ಹೋಗ್ತದ, ನೀ ಊದಿದ್ರ ಹೊರಗ ಬರ್ತದ.”

ಅದೇ ವೀರಭದ್ರ ಯುಗಾದಿ ಪಾಡವಾ ಹತ್ತಿರ ಬಂದಾಗ ಇನ್ನೊಂದು ಮಾತನ್ನೂ ಹೇಳಿದ. ಕಡಲೆ ಚೀಲಗಳು ಬರುತ್ತವೆ, ಪಡಸಾಲೆ ಖಾಲಿ ಆಗಬೇಕು. ಅಂದರೆ ಶಾಲೆ ಮುಚ್ಚಬೇಕು. ವಿಜಯಶ್ರೀ ಆ ರಾತ್ರಿ ಊಟ ಬಿಟ್ಟಳು. ಎರಡೇ ಜೋಳದ ಭಾಕ್ರಿ ತಿಂದಳು.

ಉಳಿದ ದಾರಿ ಒಂದೇ. ಉದಗೀರದಲ್ಲಿ ಬಾಲವಾಡಿ ನಡೆಸುವ ಮೀನಲ ಮ್ಯಾಡಂ ನಿಲಂಗಾದಲ್ಲಿ ಎರಡನೆಯದನ್ನು ತೆರೆಯುವವಳಿದ್ದಳು. ಅದರಲ್ಲಿ ಮುಂದಿನ ಕೋಣೆ, ಅಂದರೆ ಖೋಲಿ, ಕಲ್ಲಿನ ಫರಸಿ ನೆಲ, ಎರಡು ಫ್ಯಾನು, ಮಧ್ಯಾಹ್ನವೆಲ್ಲ ಖಾಲಿ. ಹೊಲಿಗೆ ಕ್ಲಾಸಿನವರು, ನೃತ್ಯದವರು ಆಗಲೇ ಕೇಳಿ ಹೋಗಿದ್ದರು. ವಿಜಯಶ್ರೀ ಫೋನು ಮಾಡಿದಳು. ಕೂಸುಗಳು ಬಟ್ಟಲು ಬಾರಿಸುತ್ತವೆ, ಚಪ್ಪಾಳೆ ಹೊಡೆಯುತ್ತವೆ ಎಂದಿದ್ದರೆ ಸಾಕಿತ್ತು.

“ನನ್ನ ಕೂಸುಗೋಳು ರಾಗಾ ಗುರ್ತ ಹಿಡೀತಾವ್ರಿ ಮ್ಯಾಡಂ. ಭೂಪ ಹಾಡಿದ್ರ ನಗ್ತಾವ, ಮಾಲಕಂಸಕ್ಕ ಮಲಗ್ತಾವ, ಮೇಘಮಲ್ಹಾರ ಊದಿದ್ರ...” ನಾಲಿಗೆಗೆ ಬ್ರೇಕು ಇರಲಿಲ್ಲ. “ಮಳಿನೇ ಬರ್ತದ್ರಿ!”

ಆ ಕಡೆಯಿಂದ ಮೀನಲ, “ಹೌದಾ? ಹಂಗಾದ್ರ ಛತ್ರಿ ತೊಗೊಂಡೇ ಬರ್ತೀನಿ,” ಎಂದಳು.

ಗುರುವಾರ ಬಂದೇಬಿಟ್ಟಳು, ನವಿಲು ನೇಯ್ದ ಪೈಠಣಿ ಸೀರೆ ಉಟ್ಟು, ಗಂಡ ಧನರಾಜನನ್ನು ಕರೆದುಕೊಂಡು. ಧನರಾಜನ ಬಿಳಿ ಪೈಜಾಮದ ಇಸ್ತ್ರಿಯ ಗೆರೆ ಹೇಗಿತ್ತೆಂದರೆ ಅದರಿಂದ ಕಲ್ಲಂಗಡಿ ಕೊಯ್ಯಬಹುದಿತ್ತು. ವಿಜಯಶ್ರೀ ಬೆಳಿಗ್ಗೆಯೇ ಕಟ್ಟೆ ತೊಳೆದು ಅಂಚಿನುದ್ದಕ್ಕೂ ರಂಗೋಲಿ ಬಿಡಿಸಿದ್ದಳು.

“ಮೊದಲ ಕಟ್ಟಿ ಮ್ಯಾಲಿನ ಕೆಲಸ ಮುಗಸ್ರಿ,” ಎಂದು ಶೇವಂತಾಬಾಯಿ ಪಿಸುಗುಟ್ಟಿದಳು.

“ಅತ್ತಿ! ರಂಗೋಲಿ ಮ್ಯಾಲಾ? ದೊಡ್ಡ ಮಂದಿ ಮುಂದಾ? ಇವತ್ತೊಂದಿನ ಅದು ಬ್ಯಾಡ.”

“ರಂಗೋಲಿ ಅಳಸಿದ್ರ ಮತ್ತ ಹಾಕ್ಲಿಕ್ಕ ಬರ್ತದ, ನೋಡು.”

ವಿಜಯಶ್ರೀ ನೋಡಲಿಲ್ಲ.

ಕ್ಲಾಸು ಹೂವೆತ್ತಿದಂತೆ ಸಾಗಿತು. ಬಂಡಿ ಹಾಡು ನಿಂತಾಗ ಋಷಿಕೇಶನ ಸೌಟು ಗಾಳಿಯಲ್ಲಿ ನಿಂತಿತು, ಮೀನಲಳ ಉಸಿರೂ ನಿಂತಿತು. ಆಕೆ ತಾನೇ ಜಮಖಾನೆಗೆ ಇಳಿದು ಒಂದು ಕೂಸನ್ನು ಎತ್ತಿಕೊಂಡಳು. ಧನರಾಜನ ತೊಡೆಯ ಮೇಲೆ ಋಷಿಕೇಶ ಬಂದು ಕೂತ. ಖೋಲಿ ಸಿಕ್ಕಂತೆಯೇ! ವಿಜಯಶ್ರೀಗೆ ಫ್ಯಾನಿನ ಗಾಳಿ ಆಗಲೇ ಬೆನ್ನಿಗೆ ಬೀಸಿತು.

“ಎಲ್ಲಾ ಛಂದ ಆತು,” ಎಂದಳು ಮೀನಲ, ತುಟಿಯ ಕೊನೆಯಲ್ಲಿ ನಗುತ್ತ. “ಆ ಮೇಘಮಲ್ಹಾರ ಒಂದು ಉಳೀತಲ್ಲಾ, ರಾಹಿಲಂ ನಾ?”

ನಗೆಯಾಡಿ ತಪ್ಪಿಸಿಕೊಳ್ಳಬಹುದಿತ್ತು. ವಿಜಯಶ್ರೀ ತಪ್ಪಿಸಿಕೊಳ್ಳುವ ಜಾತಿಯವಳಲ್ಲ. ಸೆರಗು ಸಿಕ್ಕಿಸಿ, ಕಾಲು ಚಾಚಿ ಕೂತು, ನಿಜಾಮರ ಬಿದಿರನ್ನು ತುಟಿಗೆ ಇಟ್ಟಳು. ಆ ಕೊಳಲಿನಲ್ಲಿ ಆಕೆಗೆ ನೆಟ್ಟಗೆ ಬರುತ್ತಿದ್ದದ್ದು ಒಂದೇ ಸ್ವರ. ಕಣ್ಣು ಮುಚ್ಚಿ ಅದನ್ನೇ ಊದಿದಳು, ಉದ್ದಕ್ಕೆ, ಎದೆಯೊಳಗಿನ ಗಾಳಿಯೆಲ್ಲ ತೀರುವವರೆಗೆ.

ಶೇವಂತಾಬಾಯಿ “ಅಗ ಬಾಯಿ!” ಅನ್ನುವಷ್ಟರಲ್ಲಿ ಮುಂಗಾರು ಒಡೆದಿತ್ತು.

ಮೊದಲ ಹನಿ ಪೈಠಣಿಯ ನವಿಲಿನ ಮೇಲೆ. ಆಮೇಲೆ ಎಡಕ್ಕೆ, ಬಲಕ್ಕೆ, ತಾಳಬದ್ಧವಾಗಿ. ಜಮಖಾನೆಯ ಹೂಗಳು ತೇಲಿದವು, ಗೆಜ್ಜೆಸರ ನೆನೆಯಿತು, ಬೇಳೆ ಡಬ್ಬಿಯೊಂದು ದೋಣಿಯಾಗಿ ಹೊಸ್ತಿಲ ಕಡೆ ಹೊರಟಿತು. ಎಲ್ಲಕ್ಕಿಂತ ಜೋರು ಮಳೆ ಧನರಾಜನ ಪೈಜಾಮದ ಮೇಲೆ. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಇಸ್ತ್ರಿಯ ಗೆರೆಯೇ ಅಳಿಸಿಹೋಯಿತು.

“ಋಷಿಕೇಶ ಭಾಳ ಜೋರು ರೀ! ರಾಗಾ ಪೂರಾ ಹಿಡದಾನ,” ಎಂದು ವಿಜಯಶ್ರೀ ಎಲ್ಲರಿಗಿಂತ ಮೊದಲು ಬೆರಳು ತೋರಿಸಿದಳು. ಸ್ವಪ್ನಾಲಿ ನಾಚಿ ಮಗನನ್ನು ಕಸಿದುಕೊಂಡು ಒಳಗೆ ಓಡಿದಳು. ಧನರಾಜ ಬೇರೆ ಬಟ್ಟೆ ಹುಡುಕುತ್ತ ಹಿತ್ತಲಿಗೆ ನಡೆದ.

ಮೀನಲ ತನ್ನ ಮಡಿಲನ್ನೇ ನೋಡುತ್ತಿದ್ದಳು. “ಇದು ಮಳಿ ಏನ್ರೀ?”

“ಮತ್ತೇನ್ರಿ! ಉಸ್ತಾದ್ರು ಹೇಳ್ತಿದ್ರು, ಸಣ್ಣ ಮೈಗಿ ಸಣ್ಣ ಮೋಡ ಅಂತ.”

ಮಾತು ಇನ್ನೇನು ದಡ ಸೇರುವುದರಲ್ಲಿತ್ತು. ಅಷ್ಟರಲ್ಲಿ ಮೂರು ವರ್ಷದ ವೈಷ್ಣವಿ, ಕಾಲು ಹೆಣೆದುಕೊಂಡು ಇಷ್ಟು ಹೊತ್ತು ತಡೆದಿದ್ದವಳು, ಫ್ರಾಕು ಎತ್ತಿಕೊಂಡು ಕಟ್ಟೆಗೆ ಓಡಿ ರಂಗೋಲಿಯ ನಟ್ಟನಡುವೆ ಕುಕ್ಕರುಗಾಲಲ್ಲಿ ಕೂತು ಕೂಗಿದಳು: “ಟೀಚರ್, ಸೂ-ಗಾಣಂ ಆತಲ್ಲಾ! ಎಲ್ಲಾರೂ ಇಲ್ಲಿ ಬರ್ರಿ! ಒಳಗ ಮಾಡಬಾರದು!” ತಡೆದು ಮತ್ತೆ, “ನಂದು ಇನ್ನಾ ಬರವಲ್ದು. ಇನ್ನೊಂದು ಸಲ ಊದ್ರಿ!”

ಮೊದಲು ನಕ್ಕವಳು ಶೇವಂತಾಬಾಯಿ. ಆಕೆ ಕಂಬ ಹಿಡಿದು ನಕ್ಕಳು, ಕಂಬ ಬಿಟ್ಟು ನಕ್ಕಳು, ಕೊನೆಗೆ ನೆಲಕ್ಕೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಈಗ ಖರೆ ಹೇಳ್ರಿ,” ಎಂದಳು ಮೀನಲ.

ವಿಜಯಶ್ರೀ ಕೊಳಲನ್ನು ಕೆಳಗಿಟ್ಟಳು. ಬಡಾಯಿ ಒಮ್ಮೆ ಸೀಳಿದರೆ ಕಡಲೆ ಚೀಲದ ಹಾಗೆ, ಎಲ್ಲ ಹೊರಗೇ. “ಉಸ್ತಾದ್ರು ಇಲ್ರಿ. ಕೊಳಲು ಫುಗ್ಗಾ-ಬಲೂನು ಮಾರೋನ ಕಡೆ ತೊಗೊಂಡದ್ದು. ಉಮರ್ಗಾದಾಗ ನನ್ನ ಕ್ಲಾಸೇ ಇಲ್ಲ. ಅಲ್ಲಿ ನಮ್ಮ ನಾದಿನಿ ಇರ್ತಾಳ, ಅಷ್ಟೇ. ಕೂಸುಗೋಳು ಇಪ್ಪತ್ತೊಂದಲ್ಲ, ಏಳು. ರಾಗಾ ಯಾವುದೂ ಅವಕ್ಕ ಗೊತ್ತಿಲ್ಲ, ನನಗೂ ಪೂರಾ ಗೊತ್ತಿಲ್ಲ. ಆದ್ರ ಹಾಡು ನಿಂತಾಗ ನಿಂದರ್ತಾವ. ಮತ್ತ ಬರ್ತದೇನಂತ ಕಾಯ್ತಾವ. ಅದೊಂದೇ ಖರೆ ನೋಡ್ರಿ.”

“ಅದು ನಾ ಕಣ್ಣಾರೆ ನೋಡ್ದೆ,” ಎಂದಳು ಮೀನಲ. “ಅದಕ್ಕೇ ಖೋಲಿ ಕೊಡ್ತೀನಿ. ಆದ್ರ ಒಂದು ಅಟ್, ಶರತ್ತು ಅದ. ಮೊದಲ ಉದಗೀರಕ್ಕ ಬಂದು ನಮ್ಮ ಬಾಲವಾಡಿಗಿ ಆ ಸೂ-ಗಾಣಂ ಕಲಸ್ರಿ. ದಿನಾ ಚಡ್ಡಿ ಬದಲಿ ಮಾಡಿ ಮಾಡಿ ನಮ್ಮ ಆಯಾ-ಬಾಯಂದಿರ ಕೈ ಸೋತು ಬಿದ್ದಾವ.”

ವಿಜಯಶ್ರೀ ಕುಣಿಯುವುದೊಂದು ಬಾಕಿ. ಕುಣಿದೇಬಿಟ್ಟಳು. ಏಳು ಕೂಸುಗಳೂ... ಅಲ್ಲ, ಹೊರಗಿದ್ದ ಆರು ಕೂಸುಗಳೂ ಬಟ್ಟಲು ಬಡಿದವು. ವೀರಭದ್ರನ ಅಂಚಿನ ಧೋತರ ಉಟ್ಟು ಧನರಾಜ ಹಿತ್ತಲಿಂದ ಬಂದು ನಿಂತ.

“ಇನ್ನೇನರ ಸುಳ್ಳು ಉಳದದ ಏನ್ರೀ?” ಮೀನಲ ಕೇಳಿದಳು.

“ಶಿವನಾಣೆ, ಒಂದೂ ಇಲ್ರಿ!”

ಆಗಲೇ ಸ್ವಪ್ನಾಲಿ ಒಳಗಿಂದ ಬಂದಳು. ಹೆಗಲ ಮೇಲೆ ಋಷಿಕೇಶ ಬಾಯಿ ತೆರೆದುಕೊಂಡು ಮಲಗಿದ್ದ. ಆಕೆಯ ಕೈಯಲ್ಲಿ ಅವನ ಲಂಗೋಟಿ. “ವಿಜಯಶ್ರೀ ಅಕ್ಕಾ, ಇದು ಒಣಗೇ ಅದಲ್ಲಾ! ಇಂವಾ ಕೊಳಲು ಊದೂದಕ್ಕಿಂತ ಮೊದಲೇ ಮಲ್ಕೊಂಡಾನ. ಸಾಹೇಬ್ರ ಪೈಜಾಮಾ ತೊಯ್ಸಿದ್ದು ಯಾರು?”

ಲಂಗೋಟಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಹಿಂಡಿ ನೋಡಿದರು. ಧನರಾಜನೂ ಹಿಂಡಿ ನೋಡಿದ. ಆಮೇಲೆ ಎಲ್ಲರ ಕಣ್ಣು ವಿಜಯಶ್ರೀ ಕಾಲು ಚಾಚಿ ಕೂತಿದ್ದ ಜಾಗಕ್ಕೆ ಹೋಯಿತು. ಅತಿಥಿಗಳಿಗೆಂದು ತುಂಬಿಟ್ಟಿದ್ದ ದೊಡ್ಡ ತಾಮ್ರದ ತಂಬಿಗೆ ಅಲ್ಲಿ ಬೋರಲು ಬಿದ್ದಿತ್ತು.

“ಅದು... ನಾನ್ರೀ,” ಎಂದಳು ವಿಜಯಶ್ರೀ, ಹುಟ್ಟಿದಾಗಿನಿಂದ ಮೊದಲ ಸಲ ಸಣ್ಣ ದನಿಯಲ್ಲಿ. ಮರುಗಳಿಗೆಯೇ ಗಾಬರಿಯಾಗಿ ಎರಡೂ ಕೈ ಆಡಿಸಿದಳು. “ಅಂದ್ರ ನಾ ಅಲ್ರಿ! ನನ್ನ ಕಾಲು. ಕಣ್ಣು ಮುಚ್ಚಿದ್ದೆ, ತಂಬಿಗಿಗಿ ತಾಗ್ತು. ಬರೇ ಕುಡಿಯೋ ನೀರು, ಸಾಹೇಬ್ರ, ಗುರುನಾಣೆ ಕುಡಿಯೋ ನೀರು.”